ಆಟ ಯಾರ ಇಚ್ಛೆ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಹಿರಿಯರು ಹೇಳಿದ್ದಾರೆ. ಆದರೆ ಆಟ ಯಾರ ಇಚ್ಛೆ? ನಮ್ಮ ಮನೆಗಳಲ್ಲಿ ಅದು ಹೆಚ್ಚಾಗಿ ತಂದೆಯ ಇಚ್ಛೆ, ಇಲ್ಲವೆ ಅಣ್ಣನ ಇಚ್ಛೆ. ಮಕ್ಕಳು ಯಾವ ಆಟದಲ್ಲಿಯೂ ನೆಲೆಗೊಳ್ಳುವುದಿಲ್ಲವೆಂದು ಗೊಣಗುವ ಪಾಲಕರು ಈ ಮಾತನ್ನು ಕೊಂಚ ವಿಚಾರಿಸಬೇಕು.

ಈ ತಪ್ಪನ್ನು ನಾನೂ ಮಾಡಿದ್ದೇನೆ. ನಮ್ಮದು ಮುಂಡರಗಿ ತಾಲೂಕಿನ ಒಂದು ಹಳ್ಳಿ. ಪ್ರಾಯದಲ್ಲಿ ಜಾತ್ರೆಯ ಕುಸ್ತಿಗಳಲ್ಲಿ ಸೆಣಸಿದ ತಂದೆಯವರು ನನ್ನ ತಮ್ಮನನ್ನು ಗರಡಿಮನೆಗೆ ಹಾಕಿದರು. ಹುಡುಗ ಅಂಜಿಕೆಯಿಂದ ಒಂದು ತಿಂಗಳು ಮೈಗೆ ಮಣ್ಣು ಮೆತ್ತಿಕೊಂಡು ಬಂದ. ಆಮೇಲೆ ತಾಲೀಮಿನ ಹೊತ್ತಿಗೆ ಅವನು ಕೈಗೆ ಸಿಗುವುದೇ ಕಷ್ಟವಾಯಿತು. ಮುಂದೆ ನಾನು ಕಾಲೇಜು ಸೇರಿದೆ. ಮನೆಯಲ್ಲಿ ಮೊದಲು ಓದಿದವನೆಂಬ ಹಮ್ಮಿನಿಂದ, ವಿದ್ಯಾರ್ಥಿವೇತನದಲ್ಲಿ ಉಳಿಸಿ ಅವನಿಗೊಂದು ಕ್ರಿಕೆಟ್ ಬ್ಯಾಟು ಕೊಂಡೊಯ್ದೆ. ಮುಂದಿನ ಸೂಟಿಯಲ್ಲಿ ಹೋಗಿ ನೋಡಿದರೆ ಅವ್ವ ಅದರಿಂದ ಕೌದಿ ಬಡಿದು ಒಗೆಯುತ್ತಿದ್ದಳು!

ಕ್ರಿಕೆಟ್ಟಿನ ಹುಚ್ಚು ನನಗೆ ಹಿಡಿದದ್ದು ಸುನೀಲ ಜೋಶಿಯವರ ಕಥೆಯಿಂದ. ೧೯೭೦ರಲ್ಲಿ ಗದುಗಿನಲ್ಲಿ ಹುಟ್ಟಿದ ಅವರು ಹುಡುಗರಿದ್ದಾಗ ಬೆಳಗಿನಲ್ಲಿಯೇ ಸುಮಾರು ೬೦ ಕಿಲೋಮೀಟರು ದೂರದ ಹುಬ್ಬಳ್ಳಿಗೆ ಹೋಗಿ, ಅಭ್ಯಾಸ ಮುಗಿಸಿ, ಮರಳಿ ಬಂದು ಶಾಲೆಗೆ ಹಾಜರಾಗುತ್ತಿದ್ದರು. ೧೯೯೬ರಲ್ಲಿ ಭಾರತದ ತಂಡ ಸೇರಿದ ಅವರು ೧೫ ಟೆಸ್ಟ್ ಪಂದ್ಯಗಳನ್ನಾಡಿದರು. ೧೯೯೯ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕೆಯ ವಿರುದ್ಧ ೧೦ ಓವರುಗಳಲ್ಲಿ ಬರಿ ೬ ರನ್ನು ಕೊಟ್ಟು ೫ ವಿಕೆಟ್ ಪಡೆದರು. ಇದನ್ನು ಹೇಳಿ ನಾವು ಮಕ್ಕಳಿಗೆ ‘ನೀನೂ ಹೀಗೆ ಕಷ್ಟಪಡು’ ಎನ್ನುತ್ತೇವೆ. ನಾವು ತಿಳಿಯಬೇಕಾದುದು ಬೇರೆ. ಬೈದು ಎಬ್ಬಿಸಿದರೆ ಹುಡುಗ ನಾಲ್ಕು ದಿನ ಹೋದಾನು. ವರುಷಗಟ್ಟಲೆ ಹೋಗಬೇಕಾದರೆ ಆಟ ಅವನದೇ ಆಗಿರಬೇಕು.

ನನ್ನ ತಮ್ಮನಿಗೆ ತನ್ನ ಆಟ ಸಿಕ್ಕಿದ್ದು ಅಪ್ಪನ ಹಳೆಯ ಸೈಕಲ್ಲಿನ ಮೇಲೆ. ಹೊಲಕ್ಕೆ ಬುತ್ತಿ ಒಯ್ಯುವ ಕೆಲಸ ಅವನದು. ನೇರ ದಾರಿ ಬಿಟ್ಟು, ಸುತ್ತುಹಾದಿ ಹಿಡಿದು, ಆಷಾಢದ ಎದುರುಗಾಳಿಯಲ್ಲಿ ಅವನು ತುಳಿಯುತ್ತಿದ್ದುದನ್ನು ನಾವು ಉಡಾಳತನವೆಂದು ಬಗೆದೆವು. ಬುತ್ತಿ ತಡವಾಯಿತೆಂದು ಒಂದು ದಿನ ಅಪ್ಪ ಹೊಡೆದರು. ಮರುದಿನವೂ ಅವನು ಅದೇ ಹಾದಿ ಹಿಡಿದಾಗ ನನ್ನ ಕಣ್ಣು ತೆರೆಯಿತು. ಯಾಕೆಂದು ಕೇಳಿದೆ. “ಗಾಳಿಗೆ ಎದುರು ತುಳದ್ರ ಚಲೋ ಅನಸ್ತೈತಿ, ಅಣ್ಣಾ” ಎಂದ. ವಿಜಯಪುರ, ಬಾಗಲಕೋಟೆಗಳಂತೆ ನಮ್ಮ ಗದಗ ಜಿಲ್ಲೆಯೂ ಸೈಕಲ್ ಸ್ಪರ್ಧೆಗೆ ಹೆಸರಾದುದು. ಮನೆಯ ಬಾಗಿಲಲ್ಲಿದ್ದ ಆಟವನ್ನು ಬಿಟ್ಟು ನಾನು ಬ್ಯಾಟು ಹುಡುಕಲು ಹೋಗಿದ್ದೆ!

“ಆಟ ಹೊಟ್ಟಿಗೆ ಹಾಕತೈತೇನು?” ಎಂದು ತಂದೆಯವರು ಈಗಲೂ ಕೇಳುತ್ತಾರೆ. ಕೂಲಿ ಮಾಡಿ ನನ್ನನ್ನು ಬಿ.ಎ. ತನಕ ತಂದವರ ಪ್ರಶ್ನೆ ಅದು, ಹಗುರಾಗಿ ತಳ್ಳಿಹಾಕಲಾರೆ. ಹೊಟ್ಟೆಗೆ ಹಾಕಲಿಕ್ಕಿಲ್ಲ. ಎಲ್ಲರೂ ಜೋಶಿಯವರಾಗುವುದಿಲ್ಲ. ಆದರೆ ವಾರಕ್ಕೆರಡು ದಿನ ಶಾಲೆ ತಪ್ಪಿಸುತ್ತಿದ್ದ ಹುಡುಗ ಈಗ ಅದೇ ಸೈಕಲ್ಲಿನ ಮೇಲೆ ದಿನಾಲು ಹೈಸ್ಕೂಲಿಗೆ ಹೋಗುತ್ತಿದ್ದಾನೆ. ಇದು ಸಣ್ಣ ಲಾಭವೇ?

ಆದಕಾರಣ ಪಾಲಕರಲ್ಲಿ ನನ್ನದೊಂದು ವಿನಂತಿ. ಗದಗ-ಬೆಟಗೇರಿಯ ಮೈದಾನವಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿಗಳ ಶಾಲೆಯ ಅಂಗಳವಿರಲಿ, ಮಕ್ಕಳಿಗೆ ಖೋಖೋ, ಕಬಡ್ಡಿ, ಓಟ, ಕುಸ್ತಿ ಎಲ್ಲವನ್ನೂ ರುಚಿ ನೋಡಗೊಡಿರಿ. ಗಂಡುಮಕ್ಕಳಿಗೆ ಕೊಟ್ಟಷ್ಟೇ ಹೊತ್ತನ್ನು ಹೆಣ್ಣುಮಕ್ಕಳಿಗೂ ಕೊಡಿರಿ. ಬಹುಮಾನ ಬಂತೇ ಎಂದು ಕೇಳಬೇಡಿರಿ; ಯಾರೂ ಕರೆಯದ ದಿನ ಮಗು ತಾನಾಗಿ ಯಾವ ಆಟಕ್ಕೆ ಹೊರಟಿತೆಂಬುದನ್ನು ನೋಡಿರಿ. ಅದು ತಡವಾಗಿ ಮನೆಗೆ ಬಂದರೆ, ಕೈ ಎತ್ತುವ ಮೊದಲು, ಎಲ್ಲಿಗೆ ಹೋಗಿದ್ದೆ ಎಂದು ಒಮ್ಮೆಯಾದರೂ ಕೇಳಿರಿ.