ಪಟ್ಟಿ ಸಾಕು, ಹಿಟ್ಟು ನಾದಿರಿ



ಉದ್ಯೋಗ ನಿಮಿತ್ತ ಇಟಲಿಯಲ್ಲಿ ನೆಲೆಸಿರುವ ನಮ್ಮವರ ಕೆಲವು ಮನೆಗಳಲ್ಲಿ ಮಕ್ಕಳಿಗೆ ಅಲ್ಲಿಯ ಭಾಷೆ ಕಲಿಸುತ್ತಿರುವ ಕ್ರಮವನ್ನು ಕೇಳಿ ನನಗೆ ಬೇಸರವಾಗಿದೆ. ಎಡಗಡೆ ಇಟಾಲಿಯನ್ ಪದ, ಬಲಗಡೆ ಇಂಗ್ಲಿಷ್ ಅರ್ಥ. ದಿನಕ್ಕೆ ಇಪ್ಪತ್ತು ಪದ, ಭಾನುವಾರ ಪರೀಕ್ಷೆ. ಮಗು ಎಲ್ಲವನ್ನೂ ಒಪ್ಪಿಸುತ್ತದೆ. ಆದರೆ ಶಾಲೆಯ ಊಟದ ಮೇಜಿನಲ್ಲಿ ಉಪ್ಪು ಕೇಳಲು ಅದಕ್ಕೆ ಬಾಯಿ ಬಾರದು. "ಜೊತೆಗೆ ನಿಲ್ಲಿಸಿಕೊಂಡು ಅಡುಗೆ ಮಾಡುತ್ತ ಕಲಿಸಿ" ಎಂದರೆ, "ಅದು ಆಟ ಮೇಷ್ಟ್ರೇ, ಓದಲ್ಲ" ಎನ್ನುತ್ತಾರೆ. ಈ ಮಾತನ್ನು ನಾನು ಸರ್ವಥಾ ಒಪ್ಪಲಾರೆ.

ಒಂದು ಉದಾಹರಣೆ ನೋಡಿ. ಮೊಟ್ಟೆಗೆ ಇಟಾಲಿಯನ್ನಿನಲ್ಲಿ 'ಉವೋವೊ', ಎರಡಾದರೆ 'ಉವೋವಾ'. ಏಕವಚನದಲ್ಲಿ ಪುಲ್ಲಿಂಗ, ಬಹುವಚನದಲ್ಲಿ ಸ್ತ್ರೀಲಿಂಗ! ಪಟ್ಟಿಯಲ್ಲಿ ಇದು ಗೋಳು. ಒಂದೊಂದಾಗಿ ಒಡೆದು ಎಣಿಸುವ ಮಗುವಿಗೆ ಸಹಜ. ಮೊಟ್ಟೆ ಮುಟ್ಟದ ಮನೆಯವರು ಚಿಂತಿಸಬೇಕಿಲ್ಲ. ದಕ್ಷಿಣ ಇಟಲಿಯ ಪುಲಿಯಾ ಪ್ರಾಂತದ 'ಒರೆಕ್ಕಿಯೆತ್ತೆ' ಎಂಬ ಪಾಸ್ತಾಕ್ಕೆ ಗಟ್ಟಿ ಗೋಧಿಯ ನುಣ್ಣನೆಯ ರವೆ ಮತ್ತು ನೀರು ಸಾಕು. 'ಒರೆಕ್ಕಿಯೊ' ಎಂದರೆ ಕಿವಿ. ಕೊನೆಯ 'ಎತ್ತೆ' ಸಣ್ಣದೆಂಬುದರ ಗುರುತು. ಹೆಬ್ಬೆರಳಿನಿಂದ ಒತ್ತಿ ಪುಟ್ಟ ಕಿವಿ ಮಾಡಿದ ಮಗುವಿಗೆ, 'ಸ್ಪಾಗೊ' ಎಂದರೆ ದಾರವೆಂದು ತಿಳಿಸಿದರೆ, 'ಸ್ಪಗೆತ್ತಿ' ಏಕೆ ಸಣ್ಣ ದಾರಗಳೆಂಬುದನ್ನು ತಾನೇ ಹೇಳೀತು. ವ್ಯಾಕರಣ ಪಾಠ ಇದಕ್ಕಿಂತ ಚೆನ್ನಾಗಿ ಆಗುವುದುಂಟೆ?

ಅಲ್ಲಿಯ ಪಾಕಪುಸ್ತಕಗಳಲ್ಲಿ ಉಪ್ಪಿನ ಮುಂದೆ 'ಕ್ವಾಂತೊ ಬಾಸ್ತಾ' ಎಂದಿರುತ್ತದೆ. ನಮ್ಮ 'ರುಚಿಗೆ ತಕ್ಕಷ್ಟು'. ಎಷ್ಟು ಸಾಕೆಂಬುದನ್ನು ನಾಲಿಗೆಯೇ ಹೇಳಬೇಕು. 'ಮೆಸ್ಕೊಲಾ' ಎಂದಾಗ ಕಲಕುವ, 'ಅಸ್ಸಾಜ್ಜಾ' ಎಂದಾಗ ರುಚಿ ನೋಡುವ ಮಗುವಿಗೆ ಇಂಗ್ಲಿಷ್ ಅರ್ಥದ ಊರುಗೋಲು ಬೇಡ.

ಇಟಾಲಿಯನ್ನರೇ ತಮ್ಮ ನಾಡಭಾಷೆಯನ್ನು ಒಂದಿಷ್ಟು ಅಡುಗೆಮನೆಯಿಂದ ಕಲಿತವರು. 1861ರಲ್ಲಿ ದೇಶ ಒಂದಾದಾಗ ಬಹುಪಾಲು ಜನರ ಮನೆಮಾತು ಆಯಾ ಪ್ರಾಂತದ ಆಡುನುಡಿಯಾಗಿತ್ತು. 1891ರಲ್ಲಿ ಪೆಲ್ಲೆಗ್ರೀನೊ ಆರ್ತೂಸಿ ಎಂಬುವರು ಫ್ಲಾರೆನ್ಸಿನಲ್ಲಿ ಸ್ವಂತ ಖರ್ಚಿನಿಂದ ಪಾಕಗ್ರಂಥವೊಂದನ್ನು ಪ್ರಕಟಿಸಿದರು. ಮನೆಮನೆಗೆ ಹೋದ ಆ ಪುಸ್ತಕ, ಪ್ರಾಂತಕ್ಕೊಂದಾಗಿದ್ದ ಅಡುಗೆಯ ಮಾತುಗಳ ನಡುವೆ ಎಲ್ಲರಿಗೂ ತಿಳಿಯುವ ಪದಗಳನ್ನು ಹರಡಿತು. ನಾವು ಬಿ.ಎಡ್.ನಲ್ಲಿ ಓದಿದ ಮಾರಿಯಾ ಮಾಂಟೆಸ್ಸೊರಿಯೂ ಇಟಲಿಯವರೇ. 1907ರಲ್ಲಿ ರೋಮಿನ ಬಡವರ ಬಡಾವಣೆಯಲ್ಲಿ ಮಕ್ಕಳ ಮನೆ ತೆರೆದು, 1939ರಲ್ಲಿ ಮದರಾಸಿಗೆ ಬಂದು ಶಿಕ್ಷಕರಿಗೆ ತರಬೇತಿ ನೀಡಿದ ಆ ತಾಯಿ, ನಿತ್ಯದ ಮನೆಗೆಲಸವನ್ನೇ ಪಾಠವಾಗಿಸಿದರು. ಅವರ ನಾಡಿನಲ್ಲಿದ್ದುಕೊಂಡು ನಾವು ಬಾಯಿಪಾಠಕ್ಕೆ ಜೋತುಬೀಳುವುದೆ?

ಚಾಕು, ಬೆಂಕಿಯ ಭಯವೆ? ಅವು ನಿಮ್ಮ ಕೈಯಲ್ಲಿರಲಿ; ಅಳೆಯುವುದು, ನಾದುವುದು, 'ಬಸೀಲಿಕೊ' ಎಲೆ ಹರಿಯುವುದು ಮಗುವಿನ ಪಾಲಿಗಿರಲಿ. ಗಂಡುಮಕ್ಕಳಿಗೂ ಇದೇ ಪಾಠ. ನಿಮಗೇ ಭಾಷೆ ಬಾರದೆ? ನೆರೆಮನೆಯ 'ನೋನ್ನಾ'ಳನ್ನು, ಎಂದರೆ ಅಲ್ಲಿಯ ಅಜ್ಜಿಯನ್ನು, ಕರೆಯಿರಿ. ಆಕೆಗೆ ನಮ್ಮ ದೋಸೆ ಹುಯ್ದು ಕೊಡಿ. ಕನ್ನಡ ಮರೆತೀತೆಂಬ ಅಳುಕೂ ಬೇಡ. 'ಫರೀನಾ' ಎಂದ ಬಾಯಿ ನಿಮ್ಮ ಜೊತೆ 'ಹಿಟ್ಟು' ಎಂದೂ ಅನ್ನುತ್ತದೆ.

ಬರವಣಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಊಟವಾದ ಮೇಲೆ, ತಾನು ಮಾಡಿದ್ದನ್ನು ಮಗು ನಾಲ್ಕು ಸಾಲು ಬರೆಯಲಿ. ಆದರೆ ಅಂಕ ಹಾಕಬೇಡಿ. ಅಡುಗೆಮನೆಯನ್ನೂ ಪರೀಕ್ಷಾ ಕೊಠಡಿ ಮಾಡಿದರೆ ಮಗು ಮಾತಾಡಲು ಉಳಿಯುವ ಜಾಗ ಯಾವುದು?