ಏನೂ ಆಗಲಿಲ್ಲವಲ್ಲ, ಬಿಡಿ

‘ಕೂದಲೆಳೆ ಅಂತರದಲ್ಲಿ ತಪ್ಪಿದ ಭಾರೀ ದುರಂತ’. ಆಕಾಶದಲ್ಲಿ ಎರಡು ವಿಮಾನಗಳು ತೀರಾ ಹತ್ತಿರ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಿಗೆ ಸಿಗುವ ತಲೆಬರಹ ಇದೊಂದೇ. ಓದಿ, ನಿಟ್ಟುಸಿರಿಟ್ಟು, ಮುಂದಿನ ಪುಟಕ್ಕೆ ಹೋಗುತ್ತೇವೆ. ಮೊನ್ನೆ ಈ ಮಾತು ಬಂದಾಗ ಗೆಳೆಯರೊಬ್ಬರು ಕಾಫಿ ಹೀರುತ್ತಾ, ‘ಏನೂ ಆಗಲಿಲ್ಲವಲ್ಲ, ಬಿಡಿ ಸಾರ್’ ಎಂದರು. ಆ ‘ಬಿಡಿ’ಯ ಜೊತೆ ನನಗೆ ಜಗಳವಿದೆ.

ಏನೂ ಆಗದ ಒಂದು ಘಟನೆಯನ್ನು ನೋಡೋಣ. 2001ರ ಜನವರಿ 31, ಜಪಾನ್. ತರಬೇತಿಯಲ್ಲಿದ್ದ ನಿಯಂತ್ರಕರೊಬ್ಬರು ಕೆಳಗಿಳಿಯಲು ಹೇಳಬೇಕಾಗಿದ್ದು ಒಂದು ವಿಮಾನಕ್ಕೆ, ಹೇಳಿದ್ದು ಇನ್ನೊಂದಕ್ಕೆ. ಅದೇ ಹೊತ್ತಿಗೆ ವಿಮಾನದೊಳಗಿನ ಟಿಕಾಸ್ ಯಂತ್ರ ‘ಮೇಲೇರು’ ಎಂದು ಕೂಗಿತು. ಎದುರಿನ ವಿಮಾನದ ಯಂತ್ರದೊಡನೆ ತಾನೇ ಮಾತಾಡಿಕೊಂಡು, ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಎಂದು ಹೇಳುವುದೇ ಈ ಯಂತ್ರದ ಕೆಲಸ. ಪೈಲಟ್ ಯಂತ್ರವನ್ನು ಬಿಟ್ಟು ಮನುಷ್ಯನ ಮಾತು ಕೇಳಿದರು. ಎರಡೂ ವಿಮಾನಗಳು ಇಳಿಯತೊಡಗಿದವು. ಕೊನೆಯ ಕ್ಷಣದಲ್ಲಿ ಕಣ್ಣಿಗೆ ಕಂಡದ್ದರಿಂದ ತಪ್ಪಿಸಿಕೊಂಡವು. ಸುಮಾರು ನೂರು ಜನರಿಗೆ ಗಾಯ, ಸಾವು ಇಲ್ಲ.

ಹದಿನೇಳು ತಿಂಗಳ ನಂತರ, 2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್‌ಲಿಂಗೆನ್ ಮೇಲೆ ಇದೇ ನಡೆಯಿತು. ರಷ್ಯಾದ ವಿಮಾನಕ್ಕೆ ಯಂತ್ರ ‘ಏರು’ ಎಂದಿತು, ಜ್ಯೂರಿಕ್‌ನಲ್ಲಿದ್ದ ನಿಯಂತ್ರಕರು ‘ಇಳಿ’ ಎಂದರು. ಎದುರಿನ ಸರಕು ವಿಮಾನ ತನ್ನ ಯಂತ್ರದ ಮಾತಿನಂತೆ ಇಳಿಯುತ್ತಿತ್ತು. ಎರಡೂ ಇಳಿದವು. ಈ ಸಲ ತಪ್ಪಲಿಲ್ಲ. ಸತ್ತವರು 71 ಮಂದಿ, ಬಹುಪಾಲು ರಜೆಗೆ ಹೊರಟಿದ್ದ ಶಾಲಾ ಮಕ್ಕಳು. ಜಪಾನಿನ ತನಿಖಾ ವರದಿ ಹೊರಬಂದದ್ದು ಅದೇ ಜುಲೈನಲ್ಲಿ, ಈ ಮಕ್ಕಳು ಸತ್ತ ಮೇಲೆ. ಇಬ್ಬರ ಆದೇಶವೂ ಬೇರೆಯಾದಾಗ ಯಂತ್ರದ್ದನ್ನೇ ಪಾಲಿಸಬೇಕೆಂಬ ನಿಯಮವನ್ನು ಜಗತ್ತು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದುಕೊಂಡದ್ದು ಆಮೇಲೆ.

ಹಾಗಾದರೆ ಮನುಷ್ಯನನ್ನು ತೆಗೆದು ಯಂತ್ರವನ್ನೇ ಕೂರಿಸಿಬಿಡೋಣ ಎನ್ನುವವರಿದ್ದಾರೆ. ಅವರು ನಮ್ಮ ಬೆಂಗಳೂರಿಗೇ ಬರಲಿ. 2022ರ ಜನವರಿ 7ರಂದು ಇಲ್ಲಿನ ಎರಡು ಸಮಾನಾಂತರ ರನ್‌ವೇಗಳಿಂದ ಎರಡು ವಿಮಾನಗಳು ಬಹುತೇಕ ಒಟ್ಟಿಗೇ ಮೇಲೆದ್ದು ಒಂದರತ್ತ ಒಂದು ಸರಿದವು. ಅವನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದು ರೇಡಾರ್ ಮುಂದೆ ಕೂತಿದ್ದ ನಿಯಂತ್ರಕರು, ಮನುಷ್ಯರು. ಜಪಾನಿನಲ್ಲಿ ಸರಿ ಹೇಳಿದ್ದು ಯಂತ್ರ, ಇಲ್ಲಿ ಮನುಷ್ಯ. ಯಾರು ಮೇಲು ಎಂಬ ಚರ್ಚೆ ಟೀವಿಯವರಿಗೆ ಇರಲಿ.

ನನ್ನನ್ನು ಕೆಣಕಿದ್ದು ಆ ಘಟನೆಯ ಮುಂದಿನ ಭಾಗ. ಅದು ಯಾವ ಲಾಗ್‌ಬುಕ್ಕಿನಲ್ಲೂ ದಾಖಲಾಗಿರಲಿಲ್ಲವೆಂದು ಅಧಿಕಾರಿಗಳೇ ಹೇಳಿದ್ದು ಕೆಲವು ದಿನಗಳ ನಂತರ ಪತ್ರಿಕೆಗಳಲ್ಲಿ ಬಂತು. ಏನೂ ಆಗಲಿಲ್ಲವಲ್ಲ, ಬಿಡಿ!

ಬರೆದಿಡುವವರು ಯಾಕೆ ಹೆದರುತ್ತಾರೆ? ಮತ್ತೆ ಜಪಾನನ್ನೇ ನೋಡಿ. ತಪ್ಪು ಸಂಖ್ಯೆ ಹೇಳಿದ ನಿಯಂತ್ರಕರು ಮತ್ತು ಅವರ ಮೇಲ್ವಿಚಾರಕರು ಕ್ರಿಮಿನಲ್ ಕೇಸು ಎದುರಿಸಿದರು. 2006ರಲ್ಲಿ ಖುಲಾಸೆಯಾಯಿತು, ಮೇಲಿನ ಕೋರ್ಟು ತಪ್ಪಿತಸ್ಥರೆಂದಿತು, 2010ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಶಿಕ್ಷೆಯೇ ಬೇಡವೆ ಎಂದು ನೀವು ಕೇಳಬಹುದು. ಬೇಕು, ಮುಚ್ಚಿಟ್ಟವರಿಗೆ ಬೇಕು. ಬಾಯಿತಪ್ಪಿದವರನ್ನು ಕಟಕಟೆಗೆ ಹತ್ತಿಸಿದರೆ ಮುಂದಿನವರು ಬಾಯಿ ಮುಚ್ಚಿಕೊಳ್ಳುತ್ತಾರೆ, ಅಷ್ಟೇ. ಊಬರ್‌ಲಿಂಗೆನ್‌ನ ರಾತ್ರಿ ಆ ನಿಯಂತ್ರಕರು ಒಬ್ಬರೇ ಎರಡು ಪರದೆ ನೋಡುತ್ತಿದ್ದರು, ಜೊತೆಗಾರರು ವಿಶ್ರಾಂತಿಗೆ ಹೋಗಿದ್ದರು, ಮುಖ್ಯ ಫೋನು ದುರಸ್ತಿಯಲ್ಲಿತ್ತು. ಅದನ್ನೆಲ್ಲ ಹಾಗೆ ಬಿಟ್ಟವರು ಮನೆಯಲ್ಲಿ ಮಲಗಿದ್ದರು. 2004ರಲ್ಲಿ ಮಕ್ಕಳನ್ನೂ ಹೆಂಡತಿಯನ್ನೂ ಕಳೆದುಕೊಂಡ ಒಬ್ಬ ತಂದೆ ಬಂದು ಇರಿದು ಕೊಂದದ್ದು ಆ ಒಂಟಿ ನಿಯಂತ್ರಕರನ್ನು.

ನಮ್ಮ ದೇಶ ಈ ಪಾಠಕ್ಕೆ ದುಬಾರಿ ಬೆಲೆ ಕೊಟ್ಟಿದೆ. 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತ ಮೇಲೆ ಇಲ್ಲಿ ಟಿಕಾಸ್ ಕಡ್ಡಾಯವಾಯಿತು. ತಪ್ಪಿದ ದುರಂತ ಅದೇ ಪಾಠವನ್ನು ಬಿಟ್ಟಿಯಾಗಿ ಕೊಡುತ್ತದೆ. ಅದನ್ನು ಬರೆದಿಡಬೇಕು, ಬೇಗ ಪ್ರಕಟಿಸಬೇಕು, ಬರೆದವರನ್ನು ಕಾಯಬೇಕು. ಮುಂದಿನ ಸಲ ‘ಕೂದಲೆಳೆ ಅಂತರ’ ಓದಿದಾಗ ಪುಟ ತಿರುಗಿಸುವ ಮುನ್ನ ಕೇಳಿ: ಅದರ ವರದಿ ಎಲ್ಲಿ?