ಉದ್ದ ಗಾಡಿ, ಗಿಡ್ಡ ತಿರುವು

ಪಿಯುಸಿ ಮುಗಿಸಿ ಕಾಲೇಜು ಸೇರಿದ ಹುಡುಗನ ಮೊದಲ ಬೇಡಿಕೆ ಫಟಫಟಿ. ಅದೂ ಸ್ಪ್ಲೆಂಡರ್ ಅಲ್ಲ. ತಗ್ಗಿದ ಸೀಟು, ಮೇಲೆದ್ದ ಹ್ಯಾಂಡಲ್, ಕಾಲು ಮುಂದೆ ಚಾಚಿ ಕೂರುವ ಕ್ರೂಸರ್. ಶೋರೂಮಿನಲ್ಲಿ ಹತ್ತಿ ಕೂತರೆ ಎರಡೂ ಪಾದಗಳು ನೆಲಕ್ಕೆ ಊರುತ್ತವೆ. ಗಾಡಿ ಮಗನ ಕೈಗೆ ಸಿಕ್ಕಿತು ಎಂದು ತಂದೆಗೂ ಸಮಾಧಾನ. ಆದರೆ ಅದು ನಿಂತ ಗಾಡಿ. ಓಡುವ ಗಾಡಿಯ ಸ್ವಭಾವ ತಿಳಿಯಬೇಕಾದರೆ ಬೇರೆ ಅಳತೆಗಳನ್ನು ನೋಡಬೇಕು.

ನಮ್ಮ ದೇಶದಲ್ಲಿ ಈ ಬಗೆಯ ಗಾಡಿಯನ್ನು ಸಾಮಾನ್ಯರ ಕೈಗೆಟುಕಿಸಿದ್ದು ಬಜಾಜ್. 2001ರಲ್ಲಿ ಎಲಿಮಿನೇಟರ್ ಬಂತು, 2005ರಲ್ಲಿ ಅವೆಂಜರ್. ರಾಯಲ್ ಎನ್‌ಫೀಲ್ಡ್‌ನ ಮೀಟಿಯಾರ್ 350 ಬಂದದ್ದು 2020ರಲ್ಲಿ. ಎರಡು ಗಾಲಿಗಳ ನಡುವಿನ ಅಂತರ ಅವೆಂಜರ್ 220ರಲ್ಲಿ 1490 ಮಿಲಿಮೀಟರ್, ಮೀಟಿಯಾರ್‌ನಲ್ಲಿ 1400, ಸ್ಪ್ಲೆಂಡರ್ ಪ್ಲಸ್‌ನಲ್ಲಿ 1236. ಹ್ಯಾಂಡಲನ್ನು ಒಂದೇ ಕೋನಕ್ಕೆ ತಿರುಗಿಸಿದರೂ ಅವೆಂಜರ್ ಹಾಕುವ ಸುತ್ತು ಸ್ಪ್ಲೆಂಡರ್‌ಗಿಂತ ಸುಮಾರು ಐದನೇ ಒಂದು ಭಾಗ ದೊಡ್ಡದು. ಸಂತೆಯ ದಿನ ಗೋಕಾಕದ ಓಣಿಯಲ್ಲಿ ಗಾಡಿ ಹಿಂದಿರುಗಿಸಲು ಹೋದವನಿಗೆ ಈ ಲೆಕ್ಕ ಕೂಡಲೇ ಅರ್ಥವಾಗುತ್ತದೆ.

ಇನ್ನೊಂದು ಅಳತೆ ಕಣ್ಣಿಗೆ ಕಾಣುವುದಿಲ್ಲ. ಹ್ಯಾಂಡಲ್ ತಿರುಗುವ ಅಕ್ಷದ ಗೆರೆಯನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ಬೀಳುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಕಚೇರಿಯ ಗಾಲಿಕುರ್ಚಿಯನ್ನು ತಳ್ಳಿದಾಗ ಅದರ ಸಣ್ಣ ಗಾಲಿಗಳು ತಾವಾಗಿ ಹಿಂದೆ ಸರಿದು ನೆಟ್ಟಗಾಗುತ್ತವಲ್ಲ, ಅದೇ ತತ್ವ. ಕ್ರೂಸರ್‌ನ ಫೋರ್ಕ್ ಹೆಚ್ಚು ಓರೆಯಾಗಿರುವುದರಿಂದ ಸಾಮಾನ್ಯವಾಗಿ ಟ್ರೇಲೂ ಹೆಚ್ಚು. ವೇಗದಲ್ಲಿ ಗಾಡಿ ನೇರ ಹಿಡಿದು ಹೋಗುತ್ತದೆ. ನಿಧಾನವಾದಾಗ ಹ್ಯಾಂಡಲ್ ಒಂದು ಪಕ್ಕಕ್ಕೆ ವಾಲಲು ನೋಡುತ್ತದೆ.

ಹೀಗಾಗಿ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಬಳಿ ರಾಷ್ಟ್ರೀಯ ಹೆದ್ದಾರಿ 48 ಹತ್ತಿದರೆ ಕ್ರೂಸರ್‌ಗೆ ತನ್ನ ಮನೆಗೆ ಬಂದಂತೆ. ಬೆಳಗಾವಿಯವರೆಗೂ ತೋಳು ನೋಯುವುದಿಲ್ಲ.

ಗೋಕಾಕ ಫಾಲ್ಸಿನ ಕಡೆಗೆ, ಗುಡ್ಡದ ಮಗ್ಗುಲಿನ ರಸ್ತೆಗೆ ಹೊರಳಿದರೆ ಮಾತು ಬೇರೆ. ವಿದ್ಯಾರ್ಥಿಗಳು ಇದನ್ನು ಕಾಗದದ ಮೇಲೆಯೇ ಮಾಡಿ ನೋಡಬಹುದು. ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವದ ಗುಣಲಬ್ಧದಿಂದ ಭಾಗಿಸಿದರೆ ಗಾಡಿ ವಾಲಬೇಕಾದ ಕೋನದ ಟ್ಯಾನ್ ಸಿಗುತ್ತದೆ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ 23 ಡಿಗ್ರಿ. 50ಕ್ಕೆ ಏರಿಸಿದರೆ 33. ಹತ್ತೇ ಕಿಲೋಮೀಟರ್, ಹತ್ತು ಡಿಗ್ರಿ! ಈ ಸೂತ್ರದಲ್ಲಿ ಗಾಡಿಯ ತೂಕಕ್ಕೆ ಜಾಗವೇ ಇಲ್ಲ. ತಗ್ಗಾಗಿ ಮುಂದೆ ಚಾಚಿದ ಫುಟ್‌ರೆಸ್ಟ್ ಮಾತ್ರ ಬೇರೆ ಗಾಡಿಗಳಿಗಿಂತ ಬೇಗ ನೆಲಕ್ಕೆ ಉಜ್ಜುತ್ತದೆ. ಆ ಸದ್ದಿಗೆ ಬೆದರಿ ಹುಡುಗ ಗಾಡಿಯನ್ನು ನೆಟ್ಟಗೆ ಎತ್ತಿದರೆ ಅದು ತಿರುವಿನ ಹೊರಗೆ, ಎದುರಿನ ವಾಹನದ ದಾರಿಗೆ ಸಾಗುತ್ತದೆ. ಇಲ್ಲಿ ಅವೆಂಜರ್‌ಗಿಂತ 90 ಮಿಲಿಮೀಟರ್ ಗಿಡ್ಡದಾದ ಮೀಟಿಯಾರ್ ಚುರುಕು. ಆದರೆ ಅದರ ತೂಕ 191 ಕಿಲೋ, ಅವೆಂಜರ್‌ನದು 163. ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಕ್ಕೆ ತಳ್ಳುವಾಗ ಆ 28 ಕಿಲೋ ನೆನಪಿಗೆ ಬರುತ್ತದೆ.

ಮೂಡಲಗಿಯ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು, ರಸ್ತೆಗೆ ಉದುರಿದ ಜಲ್ಲೆ, ಗಾಲಿಗೆ ಮೆತ್ತಿ ಬಂದ ಎರೆಮಣ್ಣು. ಗುಂಡಿ ಕಂಡಾಗ ಸಾಮಾನ್ಯ ಬೈಕಿನವನು ಫುಟ್‌ರೆಸ್ಟ್ ಮೇಲೆ ತುಸು ಎದ್ದು ಪೆಟ್ಟು ತಪ್ಪಿಸಿಕೊಳ್ಳುತ್ತಾನೆ. ಕಾಲು ಮುಂದೆ ಚಾಚಿದವನಿಗೆ ಏಳಲು ಆಧಾರವಿಲ್ಲ. ಪೆಟ್ಟು ನೇರ ಬೆನ್ನುಹುರಿಗೆ. 805 ಮಿಲಿಮೀಟರ್ ಎತ್ತರದ ಸೀಟಿನ ಕ್ಲಾಸಿಕ್ 350 ಕ್ರೂಸರ್ ಅಲ್ಲದಿದ್ದರೂ ಈ ದಾರಿಗೆ ವಾಸಿ. ಇನ್ನು ಬ್ರೇಕು: ಗಾಲಿ ಕಟ್ಟಿಕೊಂಡು ಜಾರದಂತೆ ತಡೆಯುವ ಎಬಿಎಸ್, 2019ರ ನಂತರದ ಅವೆಂಜರ್ 220ರಲ್ಲಿ ಮುಂದಿನ ಗಾಲಿಗೆ ಮಾತ್ರ, ಮೀಟಿಯಾರ್‌ನಲ್ಲಿ ಎರಡಕ್ಕೂ ಇದೆ. ಒದ್ದೆ ಮಣ್ಣಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಹದಿನೆಂಟು ತುಂಬದ ಹುಡುಗನಿಗೆ ಇವುಗಳಲ್ಲಿ ಯಾವುದೂ ಸಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯಂತೆ, ಹಾಗೆ ಗಾಡಿ ಕೊಟ್ಟ ಪಾಲಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ.

ವಯಸ್ಸಾಗಿ, ಲೈಸೆನ್ಸೂ ಇದ್ದರೆ ಶೋರೂಮಿನಿಂದ ಗಾಡಿಯನ್ನು ಹೊರಗೆ ತರಿಸಿ, ಕಾಲು ಊರದೆ ಒಂದು ಪೂರ್ತಿ ಸುತ್ತು ಹಾಕಿಸಬೇಕು. ಮೊದಲು ಒಬ್ಬನೇ, ಆಮೇಲೆ ತಂದೆಯನ್ನು ಹಿಂದೆ ಕೂರಿಸಿಕೊಂಡು. ಹಿಂದಿನ ಸೀಟು ಎಷ್ಟು ಚಿಕ್ಕದೆಂಬುದು ಆಗ ತಂದೆಗೂ ತಿಳಿಯುತ್ತದೆ.